ಕಣ್ಣೊಳಗಿನ ಸಾಸಿವೆ ಕಾಳು

ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಿಂದ ಪೇಟೆಯ ಕಡೆಗೆ ತಿರುಗುವ ಮೂಲೆಯಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ಅದರ ಮುಂದಿನ ಗಾಜಿನ ಶೋಕೇಸಿನಲ್ಲಿ, ಕೆಂಪು ಮಖಮಲ್ಲಿನ ಮೇಲೆ, ನಟ್ಟನಡುವೆ ನನ್ನ ಅಕ್ಕನ ಫೋಟೋ ಇತ್ತು. ಅದನ್ನು ಹಾಕಿದವನ ಕೈಯಿಂದಲೇ ತೆಗೆಸಬೇಕು ಎಂಬ ಒಂದೇ ಹಟಕ್ಕೆ ನಾನು ಫೋಟೋ ತೆಗೆಯುವುದನ್ನು ಕಲಿತೆ. ಕಲೆಯ ಮೇಲಿನ ಪ್ರೀತಿಯೇ ಎಂದು ಈಗ ಯಾರಾದರೂ ಕೇಳಿದರೆ ಹೂಂ ಅನ್ನುತ್ತೇನೆ. ಪ್ರೀತಿ ಆಮೇಲೆ ಬಂತು. ಮೊದಲು ಬಂದದ್ದು ಸಿಟ್ಟು.

ನಮ್ಮದು ಅಕ್ಕೋಳದ ಜೈನ ಒಕ್ಕಲುತನದ ಮನೆ. ತಂಬಾಕು ಹಚ್ಚುತ್ತಿದ್ದೆವು. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಹುಟ್ಟಾ ಕಪ್ಪು, ತಂಬಾಕಿನ ಕುಡಿ ಚಿವುಟುತ್ತ ಉಂಡ ಬಿಸಿಲು ಅದರ ಮೇಲೆ. ರೊಟ್ಟಿಯ ಹಂಚಿಗೆ ಎಣ್ಣೆ ಸವರಿದಾಗ ಒಂದು ಹೊಳಪು ಬರುತ್ತದಲ್ಲ, ಆ ಕಪ್ಪು. ಅಪ್ಪನ ತಾಯಿ, ನಮ್ಮ ಆಯಿ, ಅವಳ ಗಲ್ಲ ಹಿಡಿದು ಹೇಳುತ್ತಿದ್ದಳು: "ನನ್ನ ಮೊಮ್ಮಗಳು ಕರೀ ಮಣ್ಣಿನ ಎರಿ ಹೊಲಾ. ಕೆಂಪ ಮಸಬ ಹೊಲದವ್ರಿಗೆ ಇದರ ಬೆಲಿ ಏನ ತಿಳೀತೈತಿ?"

ಎಂಬತ್ತರ ದಶಕದ ನಡುವಿನ ಮಾತು. ಆಗ ಹುಡುಗಿಯ ಫೋಟೋ ಮೊದಲು ಹೋಗುತ್ತಿತ್ತು, ಒಪ್ಪಿಗೆಯಾದರೆ ಗಂಡಿನವರು ಆಮೇಲೆ ಬರುತ್ತಿದ್ದರು. ಅಪ್ಪ ಅಕ್ಕನನ್ನು ಚಿಕ್ಕೋಡಿಯ ಆ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ, ಮಾಲಕನಿಗೆ ಸಂಕೋಚದಿಂದ, "ಸ್ವಲ್ಪ ಚಲೋ ತಗೀರಿ" ಅಂದ. ಮಾಲಕ, "ಕಾಳಜಿ ಬಿಡ್ರಿ, ಏಕದಮ್ ಫಸ್ಟ್‌ಕ್ಲಾಸ್" ಅಂದ. ವಾರದ ಮೇಲೆ ಬಂದ ಫೋಟೋದಲ್ಲಿ ಅಕ್ಕ ಹಾಲಿನಲ್ಲಿ ಅದ್ದಿ ತೆಗೆದಂತಿದ್ದಳು. ಮೂಗಿನ ನೆರಳಿಲ್ಲ, ಗಲ್ಲದ ಗುಳಿಯಿಲ್ಲ, ಹಣೆಯ ಮೇಲಿನ ಹುಟ್ಟು ಮಚ್ಚೆಯೂ ಇಲ್ಲ. ಮನೆಯವರೆಲ್ಲ ಹಿಗ್ಗಿದರು. ಆಯಿ ಮಾತ್ರ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು, "ಯಾರ ಮನಿ ಹುಡುಗಿ ಇಕಿ?" ಅಂದಳು. ಮುದುಕಿಗೆ ಕಣ್ಣು ಮಂಜಾಗಿವೆ ಎಂದು ನಕ್ಕೆವು.

ಫೋಟೋ ಮಂಗಸೂಳಿಯ ಒಂದು ಮನೆತನಕ್ಕೆ ಹೋಯಿತು. ಒಪ್ಪಿಗೆಯಾಯಿತು. ಹನ್ನೊಂದು ಮಂದಿ ಟೆಂಪೋ ಮಾಡಿಕೊಂಡು ಬಂದರು. ಅಕ್ಕ ಅವಲಕ್ಕಿ ಚೂಡಾದ ತಾಟು ಹಿಡಿದು ಪಡಸಾಲೆಗೆ ಹೋದಳು. ನಾನು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದೆ.

ಹುಡುಗನ ತಾಯಿ ಮಡಿಲ ಸಂಚಿಯಿಂದ ಫೋಟೋ ತೆಗೆದಳು. "ತಾಟ ಕೆಳಗ ಇಡವಾ. ಮಾರಿ ಮ್ಯಾಲ ಮಾಡ." ಫೋಟೋವನ್ನು ಅಕ್ಕನ ಗಲ್ಲಕ್ಕೆ ತಾಗಿಸಿ ಹಿಡಿದಳು, ಸೀರೆ ಅಂಗಡಿಯಲ್ಲಿ ಖಣದ ಬಣ್ಣ ಹೊಂದಿಸಿ ನೋಡುವಂತೆ. ಅದನ್ನು ನೋಡಿದಳು, ಇದನ್ನು ನೋಡಿದಳು.

"ಇಕಿ ಅಲ್ಲ."

"ಇಕೀನ ರಿ," ಅಪ್ಪ ಅಂದ. "ನಮ್ಮ ದೊಡ್ಡ ಮಗಳು."

"ಮತ್ತ ಇದರಾಗ ಇದ್ದಾಕಿ ಯಾರ? ಫೋಟೋದಾಗ ಒಬ್ಬಾಕಿ, ತಾಟ ಹಿಡದಾಕಿ ಒಬ್ಬಾಕಿ! ನಾವೇನ ಕಣ್ಣ ಮನ್ಯಾಗ ಇಟ್ಟ ಬಂದೀವೇನ್ರಿ? ಒಳಗ ಮುಚ್ಚಿಟ್ಟೀರೆಲ್ಲ, ಅಕೀನ ಕರೀರಿ."

ಅವರಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು: ಈ ಮನೆಯಲ್ಲಿ ಬೆಳ್ಳನೆಯ ಮಗಳೊಬ್ಬಳಿದ್ದಾಳೆ, ಅವಳನ್ನು ತೋರಿಸಿ ಕರಿಯಳನ್ನು ಕಟ್ಟಲು ಹೊರಟಿದ್ದಾರೆ. ಅವರಲ್ಲೊಬ್ಬಳು ಅಡುಗೆಮನೆಗೇ ನುಗ್ಗಿ ನನ್ನ ರಟ್ಟೆ ಹಿಡಿದು ಎಳೆದು ತಂದಳು. ನನ್ನ ಗಲ್ಲಕ್ಕೂ ಫೋಟೋ ಹಿಡಿದರು. "ಇಕೀನೂ ಅಲ್ಲ." ಜೋಳದ ಕಣಜದ ಹಿಂದೆ ಇಣುಕಿದರು. ಹಿತ್ತಲಿನ ಬಚ್ಚಲಿಗೂ ಹೋಗಿ ಬಂದರು. ಇಲ್ಲದ ಹುಡುಗಿಯನ್ನು ಹುಡುಕುವಷ್ಟು ಹುಡುಕಿ, ಟೆಂಪೋ ಹತ್ತಿ ಹೋದರು. ಹನ್ನೊಂದು ಕಪ್ ಚಹಾದ ಮೇಲೆ ಕೆನೆ ಕಟ್ಟಿತು. ಅಕ್ಕ ಮುಖ ಮೇಲೆ ಮಾಡಿ ಕೂತವಳು ಹಾಗೇ ಕೂತಿದ್ದಳು. ಇಳಿಸು ಎಂದು ಹೇಳುವುದನ್ನು ಯಾರೋ ಮರೆತಂತೆ.

ತಿಂಗಳು ಕಳೆಯುವುದರೊಳಗೆ ಅದೇ ಫೋಟೋ, ಮೊಳ ಅಗಲಕ್ಕೆ ದೊಡ್ಡದಾಗಿ, ಶೋಕೇಸಿನಲ್ಲಿ ಬಂದು ಕೂತಿತು. ಅಕ್ಕೋಳದಿಂದ ಬಾಜಾರಕ್ಕೆ ಹೋದವರೆಲ್ಲ ನೋಡಿ ಬಂದರು. ಅಕ್ಕನಿಗೆ "ಫೋಟೋದಾಕಿ" ಎಂದು ಹೆಸರಾಯಿತು. ಅಕ್ಕ ಚಿಕ್ಕೋಡಿಗೆ ಹೋಗುವುದನ್ನೇ ಬಿಟ್ಟಳು. ಬಳೆ ಬೇಕಾದರೆ ನಿಪ್ಪಾಣಿ, ಔಷಧ ಬೇಕಾದರೆ ನಿಪ್ಪಾಣಿ. ರಾಯಬಾಗದ ಬೀಗರ ಮದುವೆಗೆ ಹೋಗುವಾಗ ಬಸ್ಸು ಆ ಮೂಲೆ ತಿರುಗಿದರೆ ಸೆರಗು ಕಣ್ಣಿನ ಮೇಲೆಳೆದುಕೊಂಡು ಕೂತಿರುತ್ತಿದ್ದಳು.

ಅಪ್ಪ, ಆಯಿ, ನಾನು ಮೂವರೂ ಹೋಗಿ ಬೇಡಿಕೊಂಡೆವು. ನಾನು ಆಯಿಯ ಹಿಂದೆ ತಲೆ ಮೇಲೆ ಸೆರಗು ಹೊದ್ದು ನಿಂತಿದ್ದೆ. ಮಾಲಕ ಕುರ್ಚಿಯಿಂದ ಏಳಲಿಲ್ಲ.

"ಫೋಟೋ ನಂದು, ಶೋಕೇಸ್ ನಂದು. ಅಥಣಿ, ಕಾಗವಾಡದಿಂದ ಅದನ್ನ ನೋಡಿ ಗಿರಾಕಿ ಬರತಾರ. ಯಾಕ ತಗೀಲಿ?"

"ಹುಡುಗಿ ಬಾಳೇವು ನೋಡ್ರಿ ಸಾವ್ಕಾರ," ಅಂದ ಅಪ್ಪ.

"ಬಾಳೇವು ನಾ ಕೆಡಿಸೀನೇನ? ಚಲೋ ತಗೀರಿ ಅಂದ್ರಿ, ಚಲೋ ತಗದೆ. ಕರೀ ಹಲಗಿಗೆ ಸುಣ್ಣಾ ಹಚ್ಚಿ ಕೊಟ್ಟೀನಿ. ಉಪಕಾರ ನೆನೀರಿ."

ಅಪ್ಪ ತಲೆ ಕೆಳಗೆ ಹಾಕಿದ. ಮೆಟ್ಟಿಲಿಳಿಯುವಾಗ ಆಯಿ ನನ್ನ ಕೈ ಹಿಡಿದಿದ್ದಳು. ನಮ್ಮಲ್ಲಿ ವರ್ಷಕ್ಕೊಮ್ಮೆ ಹತ್ತು ದಿನದ ವ್ರತ ಮುಗಿದ ಮೇಲೆ ಕ್ಷಮೆ ಕೇಳುವ, ಕ್ಷಮಿಸುವ ದಿನವೊಂದು ಬರುತ್ತದೆ. ಆ ವರ್ಷ ಬಸದಿಯಲ್ಲಿ ಕೈ ಮುಗಿದು ಸಕಲ ಜೀವಿಗಳ ಕ್ಷಮೆ ಕೇಳಿದೆ, ಸಕಲ ಜೀವಿಗಳನ್ನೂ ಕ್ಷಮಿಸಿದೆ. ಒಂದು ಜೀವಿಯನ್ನು ಬಿಟ್ಟು.

ಸ್ಟುಡಿಯೋದ ಎದುರು ಬ್ಲೌಸ್ ಹೊಲಿಯುವ ಬಾಯಿಯೊಬ್ಬಳ ಅಂಗಡಿಯಿತ್ತು. ಅವ್ವನ ತವರೂರಿನವಳು. ಒಂದೆರಡು ವರ್ಷದ ಮೇಲೆ ಅವಳೇ ಸುದ್ದಿ ತಂದಳು: ದೊಡ್ಡ ಮನೆಯ ಹೆಣ್ಣುಮಕ್ಕಳು ಗಂಡಸಿನ ಕೈಯಿಂದ ಸೆರಗು ಸರಿಮಾಡಿಸಿಕೊಳ್ಳಲು ಒಲ್ಲೆ ಅನ್ನುತ್ತಾರೆ, ಅದಕ್ಕೆ ಪರದೆಯ ಹಿಂದೆ ಪೌಡರ್ ಹಚ್ಚಿ ನಿರಿಗೆ ಜೋಡಿಸಲು ಮಾಲಕ ಒಬ್ಬ ಹೆಂಗಸನ್ನು ಹುಡುಕುತ್ತಿದ್ದಾನೆ. ನಾನು ಹೋಗುತ್ತೇನೆ ಅಂದೆ. ಅಪ್ಪ ಸಿಟ್ಟಾದ. ಆಯಿ ಕೇಳಿದಳು, "ಯಾಕ ಹೋಗತೀ?"

"ಅವನ ವಿದ್ಯಾನ ಕಲತ ಅವನ ಮಾರಿಗೆ ಹಿಡಿತೀನಿ."

ಆಯಿ ಜಪಮಣಿ ಎಣಿಸುತ್ತಲೇ, "ಹೋಗ್ಲಿ ಬಿಡೋ, ಹುಡುಗಿ ಕಲೀಲಿ" ಅಂದಳು ಅಪ್ಪನಿಗೆ.

ಮಾಲಕ ನನ್ನ ಗುರುತು ಹಿಡಿಯುತ್ತಾನೇನೋ ಎಂದು ಹೆದರಿದ್ದೆ. ಹಿಡಿಯಲಿಲ್ಲ. ಅವನದು ಮರದ ದೊಡ್ಡ ಕ್ಯಾಮೆರಾ. ಕರಿ ಬಟ್ಟೆ ಹೊದ್ದು ಹಿಂದಿನ ಗಾಜಿನಲ್ಲಿ ನೋಡಿದರೆ ಮನುಷ್ಯರು ತಲೆಕೆಳಗಾಗಿ ಕಾಣುತ್ತಾರೆ. ಇಪ್ಪತ್ತೈದು ವರ್ಷ ಜನರನ್ನು ತಲೆಕೆಳಗೆ ಮಾಡಿ ನೋಡಿದವನಿಗೆ ನೆಟ್ಟಗಿನ ಮುಖ ನೆನಪಿರುವುದಾದರೂ ಹೇಗೆ!

ನನ್ನ ಹೆಸರನ್ನೂ ಕೇಳಲಿಲ್ಲ. "ಪೌಡರ್ ಬಾಯಿ" ಅಂದ, ಅಷ್ಟೇ. ನಾನು ಹುಡುಗಿಯರ ಸೆರಗಿಗೆ ಪಿನ್ನು ಚುಚ್ಚಿ, ಬೆವರು ಒರೆಸಿ, ಸ್ಟೂಲಿನ ಮೇಲೆ ಕೂಡಿಸುವವರೆಗೆ ಒಳಗಿರಬಹುದು. ದೀಪ ಹಚ್ಚುವ ಹೊತ್ತಿಗೆ, "ಬಾಯಿ, ಹೊರಗ!" ಪರದೆ ಎಳೆದು ಒಳಗಿನಿಂದ ಚಿಲಕ. ಬಾಗಿಲ ಕೆಳಗಿನ ಸಂದಿಯಿಂದ ಬೆಳಕು ಝಗ್ಗನೆ ಹೊರಬಂದು ನನ್ನ ಕಾಲಿನ ಬೆರಳ ಮೇಲೆ ಬೀಳುತ್ತಿತ್ತು. ಮತ್ತೆ ಒಳಗೆ ಕರೆಯುವ ಹೊತ್ತಿಗೆ ದೀಪದ ಕಂಬಗಳು ಗೋಡೆಗೆ ಒರಗಿರುತ್ತಿದ್ದವು. ನೆಲದ ಮೇಲಿನ ಸೀಮೆಸುಣ್ಣದ ಗುರುತನ್ನೂ ಕಾಲಿನಿಂದ ಒರೆಸುತ್ತಿದ್ದ. ಐದು ತಿಂಗಳು ನಾನು ಅವನ ಬೆಳಕನ್ನು ಕಂಡದ್ದು ಕಾಲ್ಬೆರಳಿನಲ್ಲಿ ಮಾತ್ರ.

ಒಂದು ದಿನ ಧೈರ್ಯ ಮಾಡಿ ಕೇಳಿದೆ: "ದೀಪಾ ಎಲ್ಲಿ ಇಡೂದ ಅಂತ ಹ್ಯಾಂಗ ತಿಳೀತೈತ್ರಿ?"

"ಯಾಕ, ಸ್ಟುಡಿಯೋ ತಗೀತಿಯೇನ?" ಗಹಗಹಿಸಿ ನಕ್ಕ. ಕೂತಿದ್ದ ಗಿರಾಕಿಗಳ ಕಡೆ ತಿರುಗಿ, "ಬಘಾ, ನೋಡ್ರಿ, ನಮ್ಮ ಪೌಡರ್ ಬಾಯಿ ಫೋಟೋಗ್ರಾಫರ್ ಆಗತಾಳಂತ!" ಅಂದ. ಅವರೂ ನಕ್ಕರು. ನಾನೂ ನಕ್ಕೆ. ನಕ್ಕದ್ದು ಚಲೋದಾಯಿತು, ಅವನಿಗೆ ಅನುಮಾನ ಬರಲಿಲ್ಲ.

ಅವನಿಗೆ ಹತ್ತಿರದ ನೋಟ ಮಂದವಾಗತೊಡಗಿತ್ತು. ನೆಗೆಟಿವ್ ತಿದ್ದುವ ಕೆಲಸ ಕಣ್ಣಿಗೆ ಭಾರವಾಗಿ ಅದನ್ನು ನನಗೆ ದಾಟಿಸಿದ. ಇಳಿಜಾರು ಮೇಜು, ಕೆಳಗೊಂದು ಬಲ್ಬು, ಕೈಯಲ್ಲಿ ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್, ಒಂದು ಭೂತಗನ್ನಡಿ. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ: ಕರಿದು ಬಿಳಿದಾಗಿ, ಬಿಳಿದು ಕರಿದಾಗಿ ಕಾಣುತ್ತದೆ. ಅಲ್ಲಿ ಪೆನ್ಸಿಲಿನಿಂದ ಕಪ್ಪು ತುಂಬಿದಲ್ಲೆಲ್ಲ ಫೋಟೋದಲ್ಲಿ ಬೆಳ್ಳಗಾಗುತ್ತದೆ. ಗುಳಿ ತುಂಬು, ಮಚ್ಚೆ ಅಳಿಸು, ಗೆರೆ ಮುಚ್ಚು. ಅಕ್ಕನ ಹಣೆಯ ಮಚ್ಚೆ ಎಲ್ಲಿ ಹೋಗಿತ್ತೆಂದು ಆಗ ತಿಳಿಯಿತು.

ಹೀಗೆ ತಿದ್ದುತ್ತಿದ್ದಾಗ ಒಂದು ಹುಡುಗಿಯ ಕಣ್ಣಿನ ಮೇಲೆ ಭೂತಗನ್ನಡಿ ನಿಂತಿತು. ನೆಗೆಟಿವ್‌ನಲ್ಲಿ ಬೆಳ್ಳಗೆ ಕಾಣುವ ಕಣ್ಣಾಲಿಯೊಳಗೆ ಎರಡು ಕರಿ ಚುಕ್ಕೆ. ಸಾಸಿವೆ ಕಾಳಿನಂತೆ, ಸಮಸಮ, ಪಕ್ಕಪಕ್ಕ. ಇನ್ನೊಂದು ನೆಗೆಟಿವ್ ತೆಗೆದೆ: ಅಲ್ಲೂ ಅವೇ. ಮದುವೆ ಗಂಡಿನ ಕಣ್ಣಲ್ಲಿ, ಮುದುಕಿಯ ಕಣ್ಣಲ್ಲಿ, ಎಲ್ಲರ ಕಣ್ಣಲ್ಲೂ ಎರಡೆರಡು ಸಾಸಿವೆ. ಅವು ದೀಪಗಳು! ಪರದೆ ಎಳೆದು, ಚಿಲಕ ಹಾಕಿ, ಗುರುತು ಒರೆಸಿ ಮುಚ್ಚಿಟ್ಟ ದೀಪಗಳನ್ನೆಲ್ಲ ಜನ ಕಣ್ಣಲ್ಲಿ ತುಂಬಿಕೊಂಡು ಹೊರಗೆ ತಂದಿದ್ದರು.

ಆದರೆ ತಿಳಿದದ್ದೇನು? ಎರಡು ದೀಪ, ಮುಖದ ನೇರ ಮುಂದೆ, ಕಣ್ಣಿನ ಮಟ್ಟಕ್ಕೆ. ಅಷ್ಟೇ. ಬಂದವರಿಗೆಲ್ಲ ಅದೇ. ಮುಖವನ್ನು ಬೆಳಕಿನಿಂದ ಸುಟ್ಟು ಚಪ್ಪಟೆ ಮಾಡಿ, ಉಳಿದದ್ದನ್ನು ಪೆನ್ಸಿಲಿನಿಂದ ಮುಚ್ಚುವುದು. ಇದಕ್ಕೆ ಇಷ್ಟು ಚಿಲಕವೇ! ಬರದ ವಿದ್ಯೆಗೆ ಬೀಗ ಹಾಕಿಕೊಂಡಿದ್ದಾನೆ, ಪಾಪ, ಬರುವುದೇ ಇಷ್ಟು ಅನ್ನಿಸಿ ಅವನ ಮೇಲೆ ಒಂದು ದಿನದ ಮಟ್ಟಿಗೆ ಕರುಣೆಯೂ ಬಂತು. ಒಂದೇ ದಿನ.

ಒಳಕೋಣೆಯ ಕಪಾಟಿನ ಮೇಲೆ ಅವನೇ ತೆಗೆದ ತನ್ನ ತಾಯಿಯ ಫೋಟೋ ಇತ್ತು. ದಿನಾ ಅದಕ್ಕೊಂದು ಹೂವು ಇಡುತ್ತಿದ್ದ. ಮರುದಿನ ಅವನು ಊಟಕ್ಕೆ ಹೋದಾಗ ಸ್ಟೂಲ್ ಹತ್ತಿ ಭೂತಗನ್ನಡಿ ಹಿಡಿದೆ. ಆ ತಾಯಿ ನಮ್ಮ ಅಕ್ಕನಿಗಿಂತ ಕಪ್ಪು. ಎಂಥ ಚಂದದ ಕಪ್ಪು ಅಂತೀರಿ! ಒಂದು ಗಲ್ಲದ ಮೇಲೆ ಬೆಳಕು ಎಣ್ಣೆಯಂತೆ ಜಾರಿ, ಇನ್ನೊಂದು ಗಲ್ಲ ಮೆಲ್ಲಗೆ ನೆರಳಿಗೆ ಇಳಿದಿತ್ತು. ಹಣೆಯ ಗೆರೆ, ಹಚ್ಚೆ, ಮೂಗುಬೊಟ್ಟಿನ ತೂತು ಎಲ್ಲ ಇದ್ದವು. ಕಣ್ಣಲ್ಲಿ ಒಂದೇ ಒಂದು ಬಿಳಿ ಕಾಳು, ಕಣ್ಣಾಲಿಯ ಮೇಲಂಚಿಗೆ, ಎಡಕ್ಕೆ. ಅದೂ ದುಂಡಗಿರಲಿಲ್ಲ, ಚೌಕಾಗಿತ್ತು. ಅಂದರೆ ಒಂದೇ ದೀಪ, ತಲೆಗಿಂತ ಎತ್ತರದಲ್ಲಿ, ಒಂದು ಮಗ್ಗುಲಿಗೆ, ಅದರ ಮುಂದೆ ಚೌಕಟ್ಟಿಗೆ ಬಿಗಿದ ಬಿಳಿ ಬಟ್ಟೆ. ಇನ್ನೊಂದು ಮಗ್ಗುಲಿನಲ್ಲಿ ಮಸುಕಾದ ಬಿಳಿ ಗೆರೆ: ಅಲ್ಲೊಂದು ಬಿಳಿ ಹಾಳೆ ನಿಲ್ಲಿಸಿ ನೆರಳನ್ನು ತುಸು ಎತ್ತಿದ್ದ.

ಅವನಿಗೆ ಬರುತ್ತಿತ್ತು. ಕರಿಯ ಮುಖಕ್ಕೆ ಬೆಳಕು ಹೇಗೆ ಇಡಬೇಕೆಂದು ಗೊತ್ತಿತ್ತು. ತನ್ನ ತಾಯಿಗೆ ಇಟ್ಟಿದ್ದ. ನನ್ನ ಅಕ್ಕನಿಗೆ ಇಡಲಿಲ್ಲ. ಅಕ್ಕನಿಗೆ ಸುಣ್ಣ ಸಾಕು ಅಂದುಕೊಂಡ. ತಿಳಿಯದೆ ಮಾಡಿದ್ದರೆ ಬಿಡುತ್ತಿದ್ದೆನೇನೋ. ತಿಳಿದೂ ಮಾಡಿದವನನ್ನು ಬಿಡುವುದಿಲ್ಲ ಎಂದು ಅವನ ತಾಯಿಯ ಮುಂದೆಯೇ ಹೇಳಿಕೊಂಡೆ. ಅವಳು ಬೇಡ ಅನ್ನಲಿಲ್ಲ.

ಆಮೇಲೆ ಶುರುವಾಯಿತು ನನ್ನ ನಿಜವಾದ ಕಲಿಕೆ. ಸ್ಟುಡಿಯೋಕ್ಕೆ ರಜೆಯಿದ್ದ ದಿನ ಮನೆಯಲ್ಲಿ. ನಿಪ್ಪಾಣಿಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರು ತಮ್ಮ ಹಳೆಯ ಎರಡು ಕಣ್ಣಿನ ಪೆಟ್ಟಿಗೆ ಕ್ಯಾಮೆರಾ ಕೊಟ್ಟರು. ಅಲ್ಯೂಮಿನಿಯಂ ಪಾತೇಲಿಯ ತಳಕ್ಕೆ ತೂತು ಕೊರೆಸಿ ದೊಡ್ಡ ಬಲ್ಬು ಕೂಡಿಸಿದೆ. ಬಿದಿರಿನ ಗಳುವೇ ಕಂಬ. ಚೌಕಟ್ಟಿಗೆ ಬಿಗಿಯಲು ಅಪ್ಪ ಬಸದಿಗೆ ಉಡುವ ಬಿಳಿ ಧೋತರ.

ಆದರೆ ಆಯಿ ಅಡ್ಡ ನಿಂತಳು. ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ; ದೀಪಕ್ಕೆ ಬಂದ ಹುಳ ಸಾಯಬಾರದು ಎಂದು ಸಂಜೆಯ ಲಾಟೀನನ್ನೂ ಸಣ್ಣ ಮಾಡುತ್ತಿದ್ದವಳು ಅವಳು. ಐದುನೂರು ವ್ಯಾಟಿನ ಬಲ್ಬು ಕಂಡು ಎದೆ ಬಡಿದುಕೊಂಡಳು. "ಹೊತ್ತ ಮುಳುಗಿಂದ ಇದನ್ನ ಹಚ್ಚಿದ್ರ ಊರ ಹುಳಾ ಎಲ್ಲಾ ಇದಕ್ಕ ಬಿದ್ದ ಸಾಯತಾವ. ಆ ಪಾಪ ಯಾರ ತಲಿಗೆ?"

"ಮತ್ತ ಹ್ಯಾಂಗ ಕಲೀಲಿ?"

"ಹಗಲಿ ಕಲಿ. ಹಗಲಿಗೆ ಕತ್ತಲಿ ಮಾಡಕೋ. ಹುಳದ ಜೀವಾ ಉಳೀಬೇಕ." ಆಮೇಲೆ ದನಿ ತಗ್ಗಿಸಿ, "ಅವನ ಸೊಕ್ಕ ಉಳೀಬಾರದ."

ಹಾಗಾಗಿ ನಾನು ಕೃತಕ ಬೆಳಕಿನ ವಿದ್ಯೆಯನ್ನು ನಡುಹಗಲಿನಲ್ಲಿ ಕಲಿತೆ. ತಂಬಾಕು ಒಟ್ಟುವ ಕೋಣೆಯ ಕಿಟಕಿಗೆಲ್ಲ ಗೋಣಿ ಬಡಿದು, ಬಾಗಿಲ ಸಂದಿಗೆ ಕೌದಿ ತುರುಕಿ, ಹೊರಗೆ ಸೂರ್ಯ ಉರಿಯುತ್ತಿರುವಾಗ ಒಳಗೆ ಬಲ್ಬು ಉರಿಸುವುದು. ಘಾಟಿಗೆ ಸೀನು, ಸೆಕೆಗೆ ಬೆವರು. ಕಬ್ಬಿನ ಗದ್ದೆಯ ಪಂಪುಗಳು ಶುರುವಾದರೆ ವೋಲ್ಟೇಜ್ ಇಳಿದು ಬಲ್ಬು ಬೆಲ್ಲದ ಬಣ್ಣಕ್ಕೆ ತಿರುಗುತ್ತಿತ್ತು. ಒಮ್ಮೆ ಧೋತರ ಬಲ್ಬಿಗೆ ತಾಗಿ ನಡುವೆ ತಟ್ಟೆಯಷ್ಟು ಸುಟ್ಟಿತು. ಅಪ್ಪ ಅದನ್ನೇ ನಿರಿಗೆಯೊಳಗೆ ಮುಚ್ಚಿ ಉಟ್ಟು ಬಸದಿಗೆ ಹೋಗಿ ಬಂದ. ಹುಡುಗಿ ಕಲಿಯುವುದಕ್ಕೆ ಅವನ ಒಪ್ಪಿಗೆ ಹಾಗೆ ಸಿಕ್ಕಿತು.

ಮೊದಲು ನನ್ನ ಮುಂದೆ ಕೂತದ್ದು ಒಂದು ಬದನೆಕಾಯಿ. ಚಾತುರ್ಮಾಸವಾದ್ದರಿಂದ ಮನೆಯಲ್ಲಿ ಬದನೆ ತಿನ್ನುತ್ತಿರಲಿಲ್ಲ, ಹಿತ್ತಲಲ್ಲಿ ಬಿಟ್ಟು ತೂಗುತ್ತಿದ್ದವು. ಕರಿ ನೇರಳೆ ಬದನೆಯನ್ನು ಚೆಂಬಿನ ಮೇಲೆ ಕೂಡಿಸಿ ದೀಪವನ್ನು ಮುಂದೆ ಇಟ್ಟೆ: ಸತ್ತಂತೆ ಕಂಡಿತು. ಇನ್ನೊಂದು ದೀಪ ಹಚ್ಚಿದೆ: ಬೂದಿಯಾಯಿತು. ದೀಪವನ್ನು ಮಗ್ಗುಲಿಗೆ ಒಯ್ದು, ಎತ್ತರಿಸಿ, ಬಟ್ಟೆ ಹಿಡಿದೆ. ಬದನೆಯ ಭುಜದ ಮೇಲೆ ಉದ್ದನೆಯ ಒಂದು ಹೊಳಪು ಎದ್ದು ಬಂತು; ಈಗ ತಾನೆ ಇಬ್ಬನಿಯಲ್ಲಿ ಕಿತ್ತು ತಂದಂತೆ. ಕಪ್ಪಿಗೆ ಹೆಚ್ಚಿನ ಬೆಳಕು ಬೇಡ, ಬೆಳಕಿಗೆ ಜಾರಲು ಜಾಗ ಬೇಕು. ಇಷ್ಟು ತಿಳಿಯಲು ನನಗೆ ಒಂದು ಚಾತುರ್ಮಾಸ ಹಿಡಿಯಿತು.

ಅಕ್ಕ ಕೂಡಲು ಒಪ್ಪಲಿಲ್ಲ. "ಬದನಿಕಾಯಿ ಮುಗೀತೇನ, ಈಗ ನನ್ನ ಮಾರಿ ಬೇಕಾತ?" ಅಂದಳು. ಬಹಳ ಗೋಗರೆದ ಮೇಲೆ ಸ್ಟುಡಿಯೋದ ಫೋಟೋಕ್ಕೆ ಉಟ್ಟಿದ್ದ ಅದೇ ಸೀರೆಯುಟ್ಟು, ಕಿವಿಗೆ ಅದೇ ಬುಗುಡಿ ಹಾಕಿ ಬಂದು ಕೂತಳು. ನಾನು ಪೌಡರ್ ಹಚ್ಚಲಿಲ್ಲ. ಪೆನ್ಸಿಲ್ ಮುಟ್ಟಲಿಲ್ಲ. ನಿಪ್ಪಾಣಿಯಲ್ಲಿ ತೊಳೆಸಿ ತಂದ ಫೋಟೋವನ್ನು ಆಯಿ ದೂರ ಹಿಡಿದಳು, ಹತ್ತಿರ ಹಿಡಿದಳು. ಹಣೆಯ ಮಚ್ಚೆಯ ಮೇಲೆ ಬೆರಳಿಟ್ಟು, "ಹಾಂ, ಇಕಿ ನಮ್ಮ ಮನೀಯಾಕಿ" ಅಂದಳು. ಅಕ್ಕ ನೋಡಿದಳು. ದನಕ್ಕೆ ಮೇವು ಹಾಕಲು ಹೋದಳು.

ನಾನು ಸ್ಟುಡಿಯೋ ಬಿಟ್ಟೆ. "ಹೋಗ, ಪೌಡರ್ ಹಚ್ಚಾವ್ರಿಗೇನ ಬರಗಾಲ?" ಅಂದ ಮಾಲಕ. ಎದುರಿನ ಬ್ಲೌಸ್ ಬಾಯಿ ತನ್ನ ಗಾಜಿನ ಕಪಾಟಿನ ನಡುವಿನ ಗೂಡು ಖಾಲಿ ಮಾಡಿ ಕೊಟ್ಟಳು. ಶೋಕೇಸಿಗೆ ನೇರ ಎದುರು, ಅಷ್ಟೇ ದೊಡ್ಡದಾಗಿ, ಅದೇ ಸೀರೆ ಅದೇ ಬುಗುಡಿಯ ಅಕ್ಕನನ್ನು ಅಲ್ಲಿ ನಿಲ್ಲಿಸಿದೆ. ನಡುವೆ ರಸ್ತೆ ಮಾತ್ರ.

ಮೂರು ದಿನದಲ್ಲಿ ಜನ ರಸ್ತೆಯ ನಡುವೆ ನಿಂತು ಕತ್ತು ಆಚೆ ಈಚೆ ಹೊರಳಿಸತೊಡಗಿದರು.

"ಅಕ್ಕತಂಗಿ ಅದಾರೇನೋ?"

"ಎಲ್ಲೀ ಅಕ್ಕತಂಗೀಲೇ! ಸೀರಿ ಅಂಚ ನೋಡ, ಬುಗುಡಿ ನೋಡ. ಒಬ್ಬಾಕಿನ."

"ಹಂಗಾರ ಆ ಕಡಿ ಸುಣ್ಣಾ ಬಡದಾರ ಬಿಡ."

ಸುಣ್ಣ ಎಂಬ ಮಾತನ್ನು ಅವರ ಬಾಯಿಗೆ ನಾನು ಹಾಕಿರಲಿಲ್ಲ. ತಾನಾಗಿಯೇ ಬಂತು. ಕೇಳಿ ನನಗಾದ ತಂಪನ್ನು ಏನೆಂದು ಹೇಳಲಿ! ಕನ್ಯೆ ತೋರಿಸುವವರು ಸ್ಟುಡಿಯೋ ಮೆಟ್ಟಿಲು ಹತ್ತಿ, "ಸುಣ್ಣಾ ಬ್ಯಾಡ್ರಿ, ಎದರಿನ ಅಂಗಡ್ಯಾಗಿನ ಫೋಟೋದ ಹಂಗ ತಗೀರಿ" ಅನ್ನತೊಡಗಿದರು. ಸಂತೆಯ ದಿನ ಮಾಲಕ ರಸ್ತೆ ದಾಟಿ ಬಂದ. ಜನ ನೆರೆದಿದ್ದರು. ಕಪಾಟಿನ ಗಾಜಿಗೆ ಬೆರಳು ಬಡಿದ.

"ಇದು ಖೋಟಾ. ಆ ಹುಡುಗೀನ ನಾ ಕಣ್ಣಾರೆ ಕಂಡೀನಿ. ಇಷ್ಟ ಚಂದ ಎಲ್ಲಿ ಅದಾಳ ಅಕಿ?" ಆಮೇಲೆ ನನ್ನನ್ನು ದಿಟ್ಟಿಸಿದ. "ನೀ ಅಕಿ ತಂಗಿ ಏನ?"

"ಈಗ ಕಂಡ್ನೇನ್ರಿ? ಎರಡ ವರ್ಷ ನಿಮ್ಮ ಮುಂದನ ಇದ್ನೆಲ್ಲ."

ಜನ ನಕ್ಕರು. ಅವನ ಕಿವಿ ಕೆಂಪಾದವು. "ಕರಕೊಂಡ ಬಾ ಅಕೀನ. ಮುಂದಿನ ಸಂತಿಗೆ. ಎಲ್ಲಾರ ಮುಂದ ನಿಂದರಸು. ಈ ಫೋಟೋ ಅಕಿ ಮಾರಿಗೆ ಬರೋಬರ್ ಬಂತಂದ್ರ ನನ್ನ ಫೋಟೋ ನನ್ನ ಕೈಲೇ ತಗೀತೀನಿ. ಬರಲಿಲ್ಲ, ನೀ ಚಿಕ್ಕೋಡಿ ಬಿಡಬೇಕ."

"ಬರತಾಳ," ಅಂದುಬಿಟ್ಟೆ.

ಮನೆಗೆ ಬಂದು ಹೇಳಿದಾಗ ಅಕ್ಕ ಕೈಯಲ್ಲಿನ ಮೊರ ಕೆಳಗಿಟ್ಟಳು. "ಮತ್ತೊಮ್ಮಿ ನನ್ನ ಗಲ್ಲಕ್ಕ ಫೋಟೋ ಹಿಡಸಾಕ ಮಾತ ಕೊಟ್ಟ ಬಂದಿ. ಮಂಗಸೂಳ್ಯಾವ್ರು ಹನ್ನೊಂದ ಮಂದಿ ಇದ್ರು. ನೀ ಇಡೀ ಸಂತೀನ ಕೂಡಿಸೀದಿ. ಅಂವಗೂ ನಿನಗೂ ಏನ ಫರಕ?"

ವಾರವಿಡೀ ಅವಳನ್ನು ಮತ್ತೆ ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ. ಸಂತೆಯ ದಿನ ಒಬ್ಬಳೇ ಮೊದಲ ಬಸ್ಸಿಗೆ ಹೋದೆ. ಹತ್ತು ಗಂಟೆಗೆ ಜನ ಸೇರಿದರು. ಮಾಲಕ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕುರ್ಚಿಯನ್ನು ಮೆಟ್ಟಿಲಿನ ಮೇಲೆ ಹಾಕಿಸಿಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತ. "ಎಲ್ಲಿ ನಿಮ್ಮ ಅಪ್ಸರಾ?" ಹನ್ನೊಂದಾಯಿತು. ಬ್ಲೌಸ್ ಬಾಯಿ ಹೊಲಿಯುವುದನ್ನು ನಿಲ್ಲಿಸಿ ನನ್ನ ಪಕ್ಕ ಬಂದು ನಿಂತಳು. ನಾನು ಕಪಾಟಿನ ಬಾಗಿಲಿಗೆ ಕೈಹಾಕಿ ಫೋಟೋ ಇಳಿಸುವುದರಲ್ಲಿದ್ದೆ.

ಅಷ್ಟರಲ್ಲಿ ನಿಪ್ಪಾಣಿ ಬಸ್ಸು ಬಂತು. ಮೊದಲು ಆಯಿಯ ಕೋಲು ಇಳಿಯಿತು, ಆಮೇಲೆ ಆಯಿ, ಅವಳ ಹಿಂದೆ ಅಕ್ಕ. ಹೊಲದಿಂದ ನೆಟ್ಟಗೆ ಬಂದಿದ್ದಳು. ಬೆರಳಿಗೆ ತಂಬಾಕಿನ ಅಂಟು ಕರಿದಾಗಿ ಹತ್ತಿತ್ತು, ಹಣೆಯ ಮೇಲೆ ಬೆವರು. ಜನ ತಾವಾಗಿ ದಾರಿ ಬಿಟ್ಟರು. ಅಕ್ಕ ನನ್ನ ಕಡೆ ನೋಡಲಿಲ್ಲ. ಕಪಾಟಿನೊಳಗಿನ, ನಾನು ತೆಗೆದ ಫೋಟೋ ಹಿಡಿದುಕೊಂಡು, ರಸ್ತೆ ದಾಟಿ ಮಾಲಕನ ಮುಂದೆ ನಿಂತಳು. ನಾನೂ ಹಿಂದೆ ಹೋದೆ.

"ಇನ್ನೊಂದ ಕೊಡ್ರಿ."

"ಏನ?"

"ನೀವು ತಗದದ್ದ ಕೊಡ್ರಿ. ಎರಡೂ ಹಿಡದ ನೋಡೂನು."

ಜನರ ಮುಂದೆ ಒಲ್ಲೆ ಅನ್ನುವಂತಿರಲಿಲ್ಲ. ಕಿಸೆಯಿಂದ ಕೀಲಿ ತೆಗೆದು, ಶೋಕೇಸ್ ತೆರೆದು, ಅವನೇ ಕೈಯಾರೆ ಫೋಟೋ ಇಳಿಸಿ ಕೊಟ್ಟ. ನಾನು ನಾಲ್ಕು ವರ್ಷ ಕನಸು ಕಂಡದ್ದು ಅದೇ ಕೈ, ಅದೇ ಫೋಟೋ.

ಅಕ್ಕ ಒಂದನ್ನು ಎಡಗಲ್ಲಕ್ಕೆ, ಒಂದನ್ನು ಬಲಗಲ್ಲಕ್ಕೆ ತಾನೇ ಹಿಡಿದುಕೊಂಡಳು. ಅವತ್ತು ಪಡಸಾಲೆಯಲ್ಲಿ ಎತ್ತಿದಂತೆಯೇ ಮುಖ ಮೇಲೆತ್ತಿದಳು. ಹೆಚ್ಚುಕಡಿಮೆ ನಡುಹಗಲು, ಸ್ಟುಡಿಯೋದ ಬಿಳಿ ಗೋಡೆಯಿಂದ ಮರಳಿದ ಬೆಳಕು ಒಂದು ಮಗ್ಗುಲಿಗೆ ಜಾರಿ ಬಿದ್ದಿತ್ತು. ನಾನು ಇಡದ ಬೆಳಕು ಅದು.

"ಸಾವ್ಕಾರ್ರ, ಇವರಾಗ ನಾ ಯಾರ?"

ಮಾಲಕ ನೋಡಿದ. ತಲೆಕೆಳಗು ಮಾಡದೆ ಒಂದು ಮುಖವನ್ನು ಅಷ್ಟು ಹೊತ್ತು ಅವನು ನೋಡಿದ್ದು ಬಹುಶಃ ಅದೇ ಮೊದಲು. ಒಬ್ಬ ಮುದುಕ, "ಹೇಳೋ ಮಾರಾಯಾ, ಎತ್ತ ಬಿಸಲಾಗ ನಿಂತಾವ" ಅಂದ. ಮಾಲಕ ಬೆರಳೆತ್ತಿ ನಾನು ತೆಗೆದದ್ದನ್ನು ತೋರಿಸಿದ.

ಅಕ್ಕ ಅವನು ತೆಗೆದ ಫೋಟೋವನ್ನು ಅವನ ಕೈಯಲ್ಲಿಟ್ಟಳು. "ತಗೋರಿ. ಬೇಕಂದ್ರ ಮತ್ತ ಹಾಕ್ರಿ."

ಅವನು ಹಾಕಲಿಲ್ಲ. ನನ್ನ ಕಡೆ ತಿರುಗಿ, ಇಷ್ಟು ಜನರಲ್ಲಿ ನನಗೊಬ್ಬಳಿಗೇ ಕೇಳುವಂತೆ ಕೇಳಿದ: "ಆ ದೀಪಾ ಯಾರ ತೋರಿಸಿದ್ರ ನಿನಗ? ನಾ ಒಳಗ ಬಿಟ್ಟಿರಲಿಲ್ಲ."

"ನಿಮ್ಮ ಅವ್ವ ತೋರಿಸಿದ್ಳರಿ. ಅಕಿ ಕಣ್ಣಾಗ ಐತಿ. ಚೌಕ ಐತಿ ನೋಡ್ರಿ."

ಅವನ ಮುಖ ನಾನು ಅಂದುಕೊಂಡಿದ್ದಕ್ಕಿಂತ ಹೆಚ್ಚು ಕುಸಿಯಿತು. ನೋಡಿ ನನಗೆ ಸಮಾಧಾನವೇ ಆಯಿತು. ಸುಳ್ಳು ಹೇಳಲಾರೆ.

ಆಮೇಲೆ ತೊಂಬತ್ತರ ದಶಕವಿಡೀ ಆ ರಸ್ತೆಯಲ್ಲೇ ನಾನು ದೀಪ ಹಚ್ಚಿದೆ. ಪಾತೇಲಿ ಹೋಗಿ ಕೊಡೆಯ ಫ್ಲಾಶ್ ಬಂತು. ಅಕ್ಕನನ್ನು ದಿಗ್ಗೇವಾಡಿಯವರು ಫೋಟೋ ಕೇಳದೆ ಹೊಲದಲ್ಲೇ ನೋಡಿ ಒಪ್ಪಿದರು. ಪ್ರತಿ ವರ್ಷ ಕ್ಷಮೆಯ ದಿನ ಬಂದಾಗ ಆಯಿ ನನ್ನ ಮುಖ ನೋಡುತ್ತಿದ್ದಳು, "ಈ ವರ್ಷರ ಅವನ್ನ ಬಿಡತೀಯೇನ?" ಎಂಬಂತೆ. ನಾನು ಬೇರೆ ಕಡೆ ನೋಡುತ್ತಿದ್ದೆ. ಈಗಲೂ ಹಾಗೇ ನೋಡುತ್ತೇನೆ. ಅಕ್ಕ ಅವನನ್ನು ಕ್ಷಮಿಸಿದ್ದಾಳೋ ಏನೋ, ನಾನು ಕೇಳಿಲ್ಲ.

ಆದರೆ ಅವತ್ತು ಸಂತೆ ಚದುರಿದ ಮೇಲೆ ಮಾಲಕ ಒಳಗೆ ಹೋಗಿ ಕೂತಿದ್ದ. ಶೋಕೇಸಿನಲ್ಲಿ ಫೋಟೋ ಇದ್ದ ಜಾಗ ಉಳಿದ ಮಖಮಲ್ಲಿಗಿಂತ ಕಡುಗೆಂಪಾಗಿ ಚೌಕಾಗಿ ಕಾಣುತ್ತಿತ್ತು. ಅದರ ಗಾಜಿನಲ್ಲಿ ಅಕ್ಕನ ಮುಖ ಮೂಡಿತು. ಅಕ್ಕ ಅಲ್ಲೇ ನಿಂತಳು. ಸೆರಗು ಜಾಡಿಸಿ ಮತ್ತೆ ಹಾಕಿಕೊಂಡಳು. ಜಡೆ ಬಿಚ್ಚಿದಳು. ನಾಲ್ಕು ವರ್ಷ ಮುಖ ಮುಚ್ಚಿಕೊಂಡು ದಾಟಿದ ಗಾಜಿನ ಮುಂದೆ, ಒಳಗಿನಿಂದ ಅವನು ನೋಡುತ್ತಿರುವಾಗ, ನಿಧಾನ ಬೈತಲೆ ತೆಗೆಯತೊಡಗಿದಳು.

"ನಡಿ ಬೇ, ಬಸ್ ಹೊಂಟೈತಿ," ಅಂದಳು ಆಯಿ.

"ಹೋಗಲಿ ತಗೋ," ಅಂದಳು ಅಕ್ಕ, ಗಾಜಿನಿಂದ ಕಣ್ಣು ತೆಗೆಯದೆ. "ಇನ್ನೊಂದ ಬರತೈತಿ."